ಸಾಬೂನಿನ ಅರಿಸಿನ ಪರೀಕ್ಷೆ

ಯುದ್ಧ ನಡೆಯುತ್ತಿದ್ದದ್ದು ಬರ್ಮಾದಲ್ಲಿ, ಸಾಬೂನು ಮಾಯವಾದದ್ದು ನಮ್ಮ ಹೊಳೆನರಸೀಪುರದಲ್ಲಿ. ಎರಡಕ್ಕೂ ಏನು ಸಂಬಂಧವೆಂದು ನಾವು ಯಾರೂ ಕೇಳಲಿಲ್ಲ. ನಲವತ್ತಮೂರನೆಯ ಇಸವಿಯಲ್ಲಿ ಯಾವುದು ಮಾಯವಾದರೂ ಯುದ್ಧದ ತಲೆಗೆ ಕಟ್ಟುವುದು ವಾಡಿಕೆಯಾಗಿತ್ತು. ಹಾಗೆ ನೋಡಿದರೆ ನನ್ನ ಮನೆಯಲ್ಲಿ ಸೀಗೆಪುಡಿಯೂ ಕಡಲೆಹಿಟ್ಟೂ ಧಾರಾಳವಾಗಿ ಇದ್ದವು. ಆದರೆ ಸಾಬೂನು ಸಿಗುತ್ತಿದ್ದಾಗ ಅದನ್ನು ಬೆರಳಲ್ಲೂ ಮುಟ್ಟದಿದ್ದವರಿಗೆಲ್ಲ ಅದು ಸಿಗುವುದಿಲ್ಲವೆಂದು ತಿಳಿದ ಮೇಲೆ ಮೈಯೆಲ್ಲ ತುರಿಸತೊಡಗಿತು. ನಾನೂ ಅವರಲ್ಲೊಬ್ಬ.

ಸಾಯಂಕಾಲ ಐದಾದರೆ ಪೇಟೆಯ ರುದ್ರಯ್ಯನವರ ಎಣ್ಣೆ ಮಂಡಿಯ ಜಗಲಿಯ ಮೇಲೆ ನಮ್ಮ ಸಭೆ ಸೇರುತ್ತಿತ್ತು. ಅಲ್ಲಿ ಹಿಟ್ಲರನನ್ನು ಸೋಲಿಸುವುದು ಹೇಗೆಂದು ನಾವು ಎಷ್ಟೋ ಸಲ ತೀರ್ಮಾನಿಸಿದ್ದೆವು. ಅಂದು ಮಾತು ಸಾಬೂನಿಗೆ ತಿರುಗಿತು. ಆಸ್ಪತ್ರೆಯಲ್ಲಿ ಡಾಕ್ಟರಿಗೂ ಕೈ ತೊಳೆಯಲು ಸಾಬೂನಿಲ್ಲವಂತೆ ಎಂದು ಯಾರೋ ಅಂದರು. ಎಲ್ಲರೂ ಅಯ್ಯೋ ಎಂದು ಸುಮ್ಮನಾಗಬೇಕಾಗಿದ್ದ ಆ ಸಮಯದಲ್ಲಿ ನಮ್ಮ ಯೋಗಣ್ಣ ಬಾಯಿ ತೆರೆದ.

ಯೋಗಾನರಸಿಂಹಯ್ಯ ಎಂಬ ಅವನ ಪೂರ್ತಿ ಹೆಸರು ಶಾಲೆಯ ಹಾಜರಿ ಪುಸ್ತಕದಲ್ಲಿ ಮಾತ್ರ ಇತ್ತು. ನನ್ನ ಮನೆಗೂ ಅವನ ಮನೆಗೂ ಒಂದೇ ಗೋಡೆ. ಪುರಸಭೆಯ ಶಾಲೆಯಲ್ಲಿ ವಿಜ್ಞಾನದ ಮೇಷ್ಟ್ರು. ಇಂಟರ್‌ಮೀಡಿಯೆಟ್ಟಿನ ರಸಾಯನಶಾಸ್ತ್ರವನ್ನು ಮೂರು ಸಲ ಓದಿದವನಾದ್ದರಿಂದ, ಒಂದೇ ಸಲಕ್ಕೆ ಪಾಸಾದವರಿಗಿಂತ ತನಗೆ ಅದು ಮೂರು ಪಾಲು ಹೆಚ್ಚು ಗೊತ್ತೆಂದು ಅವನ ನಂಬಿಕೆ. ಹನ್ನೊಂದು ವರ್ಷದಿಂದ ಅವನು 'ಆಕ್ಟಿಂಗ್' ಮೇಷ್ಟ್ರು. ಕಾಯಂ ಆಗಬೇಕಾದರೆ ಶಾಲೆಯ ಅಧ್ಯಕ್ಷರಾದ ತಾಲ್ಲೂಕಿನ ಅಮಲ್ದಾರರು ಶಿಫಾರಸು ಮಾಡಬೇಕು, ಹಾಸನದ ಡಿ.ಸಿ. ಸಾಹೇಬರು ಸಹಿ ಹಾಕಬೇಕು. ಹನ್ನೊಂದು ವರ್ಷವೂ ಯಾರಾದರೊಬ್ಬರಿಗೆ ಪುರಸೊತ್ತಿರಲಿಲ್ಲ.

"ಸಾಬೂನು ಅಂದರೆ ಏನು ಬ್ರಹ್ಮವಿದ್ಯೆಯೇ ರುದ್ರಯ್ಯನವರೇ?" ಎಂದ ಯೋಗಣ್ಣ. "ನಿಮ್ಮ ಕೊಬ್ಬರಿ ಎಣ್ಣೆ ಎರಡು ಡಬ್ಬ, ಕಾಸ್ಟಿಕ್ ಸೋಡಾ ಒಂದು ಡಬ್ಬ. ನನ್ನ ಕೈಗೆ ಕೊಡಿ. ಊರಿಗೆ ಊರನ್ನೇ ಬೆಳ್ಳಗೆ ಮಾಡಿ ಕೊಡ್ತೀನಿ."

ಈ ಮಾತಿನಲ್ಲಿ ಅಪಾಯವೇನೂ ಇರಲಿಲ್ಲ. ಕಾಸ್ಟಿಕ್ ಸೋಡಾ ಕಂಟ್ರೋಲಿಗೆ ಸೇರಿ ವರ್ಷವಾಗಿತ್ತು, ಸರ್ಕಾರದ ಪರ್ಮಿಟ್ಟಿಲ್ಲದೆ ಒಂದು ಚಿಟಿಕೆಯೂ ಸಿಗುತ್ತಿರಲಿಲ್ಲ. ಸಿಗದ ವಸ್ತುವಿನ ಮೇಲೆ ಪೌರುಷ ಕೊಚ್ಚಿಕೊಳ್ಳುವುದು ಎಲ್ಲಕ್ಕಿಂತ ಕ್ಷೇಮ. ಆದರೆ ತಾಲ್ಲೂಕು ಕಚೇರಿಯ ಫೈಲು ಹೊರುವ ದಲಾಯತ ಚಲುವಯ್ಯ ದೀಪದೆಣ್ಣೆಗೆ ಬಂದು ಕಂಬದ ಪಕ್ಕ ನಿಂತಿದ್ದ. ಮಾರನೆಯ ದಿನ ಗುರುವಾರ ಹತ್ತು ಗಂಟೆಗೆ ಅಮಲ್ದಾರರಿಂದ ಕರೆ ಬಂತು. ಒಬ್ಬನೇ ಹೋಗಲಾರೆನೆಂದು ಯೋಗಣ್ಣ ನನ್ನನ್ನೂ ಎಳೆದುಕೊಂಡು ಹೋದ.

ಮೇಜಿನ ಮೇಲೆ ಅರಗಿನ ಮುದ್ರೆ ಹಾಕಿದ ಒಂದು ಡಬ್ಬ ಕೂತಿತ್ತು.

"ಇದು ಜಪ್ತಿಯಾದ ಕಾಸ್ಟಿಕ್ ಸೋಡಾ" ಎಂದರು ಅಮಲ್ದಾರರು. "ಆಸ್ಪತ್ರೆಯ ಡಾಕ್ಟರು ಸಾಬೂನಿಗೆ ದಿನಕ್ಕೊಂದು ಪತ್ರ ಬರೀತಿದಾರೆ. ಬರೋ ಸೋಮವಾರ ಬಿಟ್ಟು ಅದರ ಮುಂದಿನ ಸೋಮವಾರ ಡಿ.ಸಿ. ಸಾಹೇಬರು ಇನ್‌ಸ್ಪೆಕ್ಷನ್ನಿಗೆ ಬರ್ತಾರೆ. ಅಷ್ಟು ಹೊತ್ತಿಗೆ ಸಾಬೂನು ತಯಾರಿರಬೇಕು. ನಿಮಗೆ ಬರುತ್ತಂತಲ್ಲ?"

ಬರುವುದಿಲ್ಲ ಎಂದು ಹೇಳಲು ಇದು ಒಳ್ಳೆಯ ಸಮಯವಾಗಿತ್ತು. ಯೋಗಣ್ಣ ನನ್ನ ಮುಖ ನೋಡಿದ. ನಾನು ಗೋಡೆಯ ಮೇಲಿದ್ದ ಮಹಾರಾಜರ ಪಟ ನೋಡಿದೆ.

"ಬರುತ್ತೆ ಸಾರ್" ಎಂದ.

"ಸಾಬೂನು ಆದರೆ ನಿಮ್ಮನ್ನ ಕಾಯಂ ಮಾಡೋಕೆ ಅವತ್ತೇ ಶಿಫಾರಸು. ಆಗದೆ ಹೋದರೆ ಕಂಟ್ರೋಲ್ ಸಾಮಾನು ಪೋಲು ಮಾಡಿದಿರಿ ಅಂತ ಸಸ್ಪೆನ್ಷನ್. ಆ ಮೇಲೆ ಪೊಲೀಸಿನವರು ಏನು ಮಾಡ್ತಾರೋ ನನಗೆ ಗೊತ್ತಿಲ್ಲ. ಇಲ್ಲಿ ಸಹಿ ಹಾಕಿ."

ಡಬ್ಬ ಹೊತ್ತುಕೊಂಡು ಹೊರಗೆ ಬಂದಾಗ ಯೋಗಣ್ಣನ ಅಂಗಿಯ ಬೆನ್ನು ಒದ್ದೆಯಾಗಿತ್ತು. ಅವನಿಗೆ ಇಬ್ಬರು ಹೆಣ್ಣುಮಕ್ಕಳು, ಹೆಂಡತಿ ಸರಸ, ಮತ್ತು ಆರು ವರ್ಷದ ಹಿಂದೆ ಮಗಳ ಬಾಣಂತನಕ್ಕೆಂದು ಬಂದು ಉಳಿದುಕೊಂಡ ಅತ್ತೆ ಗೋದಮ್ಮನವರು. ಅಷ್ಟೂ ಜನ ಊಟ ಮಾಡುತ್ತಿದ್ದದ್ದು ಆ ಆಕ್ಟಿಂಗ್ ಸಂಬಳದಲ್ಲೇ.

ಶುಕ್ರವಾರ ಬೆಳಗ್ಗೆ ಯೋಗಣ್ಣನ ಹಿತ್ತಲಿನಲ್ಲಿ ಮೂರು ಕಲ್ಲಿನ ಒಲೆ ಹೂಡಿದರು. ರುದ್ರಯ್ಯನವರು ಎರಡು ಡಬ್ಬ ಎಣ್ಣೆಯನ್ನೂ ಬೆಲ್ಲ ಕಾಯಿಸುವ ಕಬ್ಬಿಣದ ಕೊಪ್ಪರಿಗೆಯನ್ನೂ ಗಾಡಿಯಲ್ಲಿ ಕಳಿಸಿ, ಹಿಂದೆಯೇ ತಾವೂ ಬಂದರು. ಎಣ್ಣೆ ಕೊಟ್ಟವರಿಗೆ ಅದು ಏನಾಗುತ್ತದೆಂದು ನೋಡುವ ಹಕ್ಕಿದೆಯಷ್ಟೆ. ಕಲಕುವುದಕ್ಕೆ ಮಾಯಮ್ಮನನ್ನು ಕರೆಸಿದ್ದರು. ಸುತ್ತಿನ ಊರುಗಳಲ್ಲಿ ಯಾವ ಮದುವೆಯಾದರೂ ಐನೂರು ಜನಕ್ಕೆ ರಾಗಿ ಹಿಟ್ಟು ತಿರುವುವವಳು ಅವಳೇ. ತನ್ನ ಕೋಲನ್ನು ತಾನೇ ಹೆಗಲ ಮೇಲೆ ಹೊತ್ತು ತಂದಿದ್ದಳು.

"ಗಂಟಾಗ್ದಂಗೆ ತಿರುವೋದು ನನ್ಗೆ ಬುಡಿ ಮೇಷ್ಟ್ರೇ" ಎಂದಳು. "ರಾಗಿಯಾದ್ರೇನು, ಸಾಬೂನಾದ್ರೇನು, ಬೇಯೋದು ಬೇಯ್ಲೇಬೇಕು."

ಯೋಗಣ್ಣ ಕೊಪ್ಪರಿಗೆಗೆ ನೀರು ಹೊಯ್ದು ಸೋಡಾ ಸುರಿದ. ಒಲೆಗೆ ಇನ್ನೂ ಬೆಂಕಿಯೇ ಇಟ್ಟಿರಲಿಲ್ಲ, ನೀರು ತಾನೇ ಬಿಸಿಯಾಗಿ ಹೊಗೆಯಾಡಿತು. ಒಂದು ಹನಿ ಅವನ ಹೆಬ್ಬೆರಳಿಗೆ ಸಿಡಿದು ಬೊಬ್ಬೆಯೆದ್ದಿತು. "ಯಾರೂ ಮುಟ್ಟಬೇಡಿ! ಚರ್ಮ ತಿಂದುಬಿಡುತ್ತೆ!" ಎಂದು ಅವನು ಕೂಗಿಕೊಂಡ ಮೇಲೆ ಆ ಹಿತ್ತಲಿನಲ್ಲಿ ಹತ್ತಡಿ ಜಾಗ ತಾನಾಗಿ ಖಾಲಿಯಾಯಿತು.

ಆ ಹತ್ತಡಿ ಜಾಗಕ್ಕೆ ಗೋದಮ್ಮನವರು ಮಡಿಯುಟ್ಟು ತಟ್ಟೆ ಹಿಡಿದು ನಡೆದು ಬಂದರು.

"ಅಳಿಯಂದಿರು ಹೊಸದಾಗಿ ಒಲೆ ಹೂಡಿದೀರಿ. ಅರಿಸಿನ ಕುಂಕುಮ ಹಾಕದೆ ಯಾವ ಕೆಲಸ ಕೈಗೂಡುತ್ತೆ?" ಎಂದು, ಬೇಡ ಎನ್ನುವಷ್ಟರಲ್ಲಿ ಒಂದು ಚಿಟಿಕೆ ಅರಿಸಿನವನ್ನು ಕೊಪ್ಪರಿಗೆಗೇ ಹಾಕಿಬಿಟ್ಟರು.

ಬಿದ್ದ ಕಡೆ ನೀರು ರಕ್ತದಂತೆ ಕೆಂಪಾಯಿತು.

ರುದ್ರಯ್ಯನವರು ಶಿವಶಿವಾ ಎಂದರು. ಗೋದಮ್ಮನವರು ಮಾತ್ರ, "ಸುಣ್ಣಕ್ಕೆ ಅರಿಸಿನ ಹಾಕಿದ ಹಾಗೇ ಆಯ್ತು. ಆರತಿ ನೀರು, ಒಳ್ಳೆಯ ಶಕುನ" ಎಂದು ಒಳಗೆ ಹೋದರು. ಯೋಗಣ್ಣ ಕೆಂಪನ್ನೇ ನೋಡುತ್ತ ನಿಂತ. ನಿಂತವನು ತೊಡೆ ತಟ್ಟಿಕೊಂಡು ಕುಣಿದ.

"ಸಿಕ್ತು! ಸಾಬೂನು ಆಯ್ತೋ ಇಲ್ಲವೋ ಅಂತ ಹೇಗಪ್ಪಾ ನೋಡೋದು ಅಂತ ನಿನ್ನೆಯಿಂದ ತಲೆ ಕೆಡಿಸಿಕೊಂಡಿದ್ದೆ. ಶಾಲೆಯಲ್ಲಿ ಪರೀಕ್ಷೆ ಮಾಡೋ ಔಷಧಿ ಮುಗಿದು ವರ್ಷ ಆಯ್ತು. ಅರಿಸಿನ ಇದೆಯಲ್ಲ! ಸೋಡಾ ಇರೋವರೆಗೂ ಅರಿಸಿನ ಕೆಂಪಾಗುತ್ತೆ. ಸೋಡಾ ಎಲ್ಲಾ ಎಣ್ಣೆಗೆ ಸೇರಿ ಸಾಬೂನಾದ ಮೇಲೆ ಕೆಂಪು ಮಾಡೋಕೆ ಏನಿರುತ್ತೆ? ಅರಿಸಿನ ಹಳದಿಯಾಗೇ ನಿಲ್ಲುತ್ತೆ. ಅವತ್ತು ಸಾಬೂನು ರೆಡಿ!"

ಇದನ್ನು ಕೇಳಿ ನಾವೆಲ್ಲ ತಲೆದೂಗಿದೆವು. ಈಗ ನೆನೆಸಿಕೊಂಡರೆ ನನಗೆ ನನ್ನ ತಲೆಯ ಮೇಲೆಯೇ ಸಿಟ್ಟು ಬರುತ್ತದೆ.

ಎಣ್ಣೆ ಸುರಿದು, ಬೆಂಕಿ ಹಾಕಿ, ಮಾಯಮ್ಮ ತಿರುವಿದಳು. ಮಧ್ಯಾಹ್ನದ ಹೊತ್ತಿಗೆ ಕೊಪ್ಪರಿಗೆಯಲ್ಲಿ ಗಟ್ಟಿ ಗಂಜಿಯಂತೆ ಬೆಳ್ಳಗೆ ಏನೋ ಒದ್ದಾಡತೊಡಗಿತು. ಮಾಯಮ್ಮ ಕೋಲೆತ್ತಿ ನೋಡಿದಳು. "ಬೆಂದೈತೆ ಕಣ್ ಮೇಷ್ಟ್ರೇ. ಇಳಿಸ್ಬುಡಿ" ಎಂದಳು. ಯೋಗಣ್ಣ ಒಂದು ಚೂರನ್ನು ಲೋಟದ ನೀರಿಗೆ ಹಾಕಿ ಅರಿಸಿನ ಉದುರಿಸಿದ. ಕೆಂಪು.

"ಇದು ಹಿಟ್ಟಲ್ಲ ಮಾಯಮ್ಮ, ರಸಾಯನಶಾಸ್ತ್ರ" ಎಂದ. ಮಾಯಮ್ಮ ಎಲೆಅಡಿಕೆ ಬಾಯಿಗೆ ಹಾಕಿಕೊಂಡಳು.

ಶನಿವಾರ ಕೆಂಪು. ಭಾನುವಾರ ಕೆಂಪು. ಸೋಮವಾರ ಅಮಲ್ದಾರರೇ ಬಂದರು. ಹಿತ್ತಲಿಗೆ ಕುರ್ಚಿ ಹಾಕಿಸಿಕೊಂಡು ಕೂತು, "ಎಷ್ಟು ಭಾಗ ಆಗಿದೆ?" ಎಂದರು.

"ಸಾರ್, ಹಾಗೆ ಒಂದೇ ಮಾತಲ್ಲಿ ಹೇಳೋಕಾಗಲ್ಲ" ಎಂದ ಯೋಗಣ್ಣ. "ಕ್ರಿಯೆಗೆ ವೇಗ ಅಂತ ಒಂದಿದೆ. ಗಂಟೆಗೆ ಎಷ್ಟು ಎಣ್ಣೆ ಸಾಬೂನಾಯ್ತು ಅನ್ನೋದೇ ಆ ವೇಗ. ಅದು ಒಂದೇ ಸಮ ಇರೋದಿಲ್ಲ."

"ಯಾಕಿರೋದಿಲ್ಲ? ಇರಬೇಕು."

"ಒಂದು ಉದಾಹರಣೆ ಹೇಳ್ತೀನಿ ಸಾರ್. ಒಂದು ಸೀಮೆಯಲ್ಲಿ ನೂರು ಗಂಡು, ನೂರು ಹೆಣ್ಣು ಮದುವೆಗೆ ಇದಾರೆ ಅಂತಿಟ್ಟುಕೊಳ್ಳಿ. ಎಣ್ಣೆ ಹೆಣ್ಣಿನ ಕಡೆ, ಸೋಡಾ ಗಂಡಿನ ಕಡೆ. ಮೊದಲು ಯಾವ ಬೀದಿಗೆ ಹೋದರೂ ಸಂಬಂಧ, ಪಟಪಟ ಅಂತ ಮದುವೆ. ಐವತ್ತು ಮದುವೆ ಆಗಿಹೋಯ್ತು ಅನ್ನಿ. ಈಗ ಗಂಡೂ ಅರ್ಧ, ಹೆಣ್ಣೂ ಅರ್ಧ. ಒಬ್ಬರಿಗೊಬ್ಬರು ಎದುರಾಗೋ ಸಂದರ್ಭ ಅರ್ಧದಲ್ಲಿ ಅರ್ಧ, ಅಂದರೆ ಕಾಲು ಭಾಗ. ಹಾಗಾಗಿ ಮೊದಲಿನ ಅರ್ಧಕ್ಕೆ ಒಂದು ದಿನ ಹಿಡಿದರೆ, ಉಳಿದದ್ದರ ಅರ್ಧಕ್ಕೆ ಎರಡು ದಿನ. ಆಮೇಲಿನ ಅರ್ಧಕ್ಕೆ ನಾಲ್ಕು ದಿನ. ಆಮೇಲೆ ಎಂಟು. ಕೊನೆಗೆ ಅರಕಲಗೂಡಲ್ಲಿ ಒಂದು ಗಂಡು, ಚನ್ನರಾಯಪಟ್ಟಣದಲ್ಲಿ ಒಂದು ಹೆಣ್ಣು ಉಳಿದರೆ, ಅವರು ಯಾವ ಕಾಲಕ್ಕೆ ಸಂಧಿಸಬೇಕು?"

ಉದಾಹರಣೆ ಚೆನ್ನಾಗಿತ್ತು. ಆದರೆ ರುದ್ರಯ್ಯನವರ ತಮ್ಮ ಬಸವರಾಜು ಅರಕಲಗೂಡಿನಲ್ಲಿದ್ದ, ನಲವತ್ತು ದಾಟಿದರೂ ಅವನಿಗೆ ಹೆಣ್ಣು ಸಿಕ್ಕಿರಲಿಲ್ಲ.

"ಅಲ್ಲಾ ಮೇಷ್ಟ್ರೇ" ಎಂದು ರುದ್ರಯ್ಯನವರು ಎದ್ದು ನಿಂತರು, "ಅರ್ಕಲ್ಗೂಡ್ನಾಗೆ ಉಳ್ಕಂಡಿರೋ ಗಂಡು ಅಂದ್ರೆ ಯಾರು? ನನ್ ತಮ್ಮನ್ ಇಸ್ಯ ಯಾಕ್ರೀ ಎತ್ತೀರಿ? ಎಲ್ಡು ಡಬ್ಬ ಎಣ್ಣೆ ಕೊಟ್ಟಿದ್ಕೆ ಇದಾ ಮರ್ಯಾದೆ?"

"ನಿಮ್ಮ ತಮ್ಮ ಅಲ್ಲ ರುದ್ರಯ್ಯನವರೇ, ಸೋಡಾ!"

"ಸೋಡಾ ಅನ್ರಿ ಬೇಕಾದ್ರೆ, ಊರೆಸ್ರು ಯೋಳ್ಬ್ಯಾಡಿ!"

ಅಮಲ್ದಾರರು ಕೈಯೆತ್ತಿ ಇಬ್ಬರನ್ನೂ ಸುಮ್ಮನಿರಿಸಿದರು. "ಆ ಕೊನೇ ಮದುವೆ ಯಾವತ್ತು? ನನಗೆ ತಾರೀಖು ಬೇಕು."

ಯೋಗಣ್ಣ ಸುಳ್ಳು ಹೇಳಬಹುದಿತ್ತು. "ಲೆಕ್ಕದ ಪ್ರಕಾರ ಸಾರ್... ಕೊನೇದು ಅಂತ ಒಂದು ಬರೋದೇ ಇಲ್ಲ. ಯಾವಾಗಲೂ ಒಂದಿಷ್ಟು ಉಳಿದೇ ಇರುತ್ತೆ."

"ಬರೋದೇ ಇಲ್ಲ?" ಅಮಲ್ದಾರರು ಕುರ್ಚಿಯಿಂದ ಎದ್ದರು. "ಡಿ.ಸಿ. ಸಾಹೇಬರಿಗೆ ನಾನು ಹಾಗಂತ ಬರೆಯಲೇ? 'ಸಾಬೂನು ಲೆಕ್ಕದ ಪ್ರಕಾರ ಎಂದಿಗೂ ಆಗತಕ್ಕದ್ದಲ್ಲ'? ನಿಮ್ಮ ಕಾಯಮ್ಮೂ ಅದೇ ಲೆಕ್ಕದಲ್ಲಿ ಆಗಲಿ ಅಂತೀರೇನು?"

"ವೇಗ ಹೆಚ್ಚು ಮಾಡಬಹುದು ಸಾರ್! ಬಿಸಿ ಹೆಚ್ಚಿದರೆ ಓಡಾಟ ಹೆಚ್ಚುತ್ತೆ. ಕಲಕಿದರೆ ದೂರ ಇದ್ದೋರು ಹತ್ತಿರ ಬರ್ತಾರೆ. ಮದುವೆ ದಲ್ಲಾಳಿ ಮಾಡೋ ಕೆಲಸವೇ ಅದು."

"ಹಾಗಾದರೆ ಬಿಸಿ ಮಾಡಿ, ಕಲಕಿ. ಪರೀಕ್ಷೆಯಲ್ಲಿ ಹಳದಿ ಬರೋವರೆಗೂ ಯಾರೂ ಅದನ್ನ ಮುಟ್ಟಕೂಡದು. ಯಾರ ಕೈಯಾದರೂ ಸುಟ್ಟರೆ ಅದೂ ನನ್ನ ತಲೆಗೇ ಬರುತ್ತೆ."

ಅಲ್ಲಿಂದ ಅರಿಸಿನ ಪರೀಕ್ಷೆ ಸರ್ಕಾರಿ ಕೆಲಸವಾಯಿತು. ಚಲುವಯ್ಯ ದಿನಕ್ಕೊಂದು ಸಲ ಬಂದು, ಯೋಗಣ್ಣ ಅರಿಸಿನದ ನೀರಲ್ಲಿ ಅದ್ದಿ ಒಣಗಿಸಿಟ್ಟ ಕಾಗದದ ಪಟ್ಟಿಯೊಂದನ್ನು ಕೊಪ್ಪರಿಗೆಯಲ್ಲಿ ಮುಳುಗಿಸಿ, ಯೋಗಣ್ಣನ ಸಹಿ ಹಾಕಿಸಿಕೊಂಡು ಹೋಗುತ್ತಿದ್ದ. ಅದನ್ನು ತಾರೀಖಿನೊಂದಿಗೆ ಫೈಲಿಗೆ ಹೊಲಿಯುತ್ತಿದ್ದರು. ನಾನು ಒಂದು ದಿನ ಆ ಫೈಲನ್ನು ನೋಡಿದೆ. ಒಳಗೆ ಸಾಲಾಗಿ ಕೆಂಪು ನಾಲಗೆಗಳು ಚಾಚಿಕೊಂಡಿದ್ದವು.

ಊರಿನಲ್ಲಿ ಜನ "ಊಟ ಆಯ್ತೇ" ಎಂದು ಕೇಳುವುದನ್ನು ಬಿಟ್ಟು "ಇವತ್ತೂ ಕೆಂಪೇ?" ಎಂದು ಕೇಳತೊಡಗಿದರು. ನುಗ್ಗೇಹಳ್ಳಿ ಬಸ್ಸಿನಲ್ಲಿ ಬಂದವರು ಇಳಿದು, ಕೊಪ್ಪರಿಗೆಯನ್ನು ದೂರದಿಂದ ನೋಡಿಕೊಂಡು, ಮುಂದಿನ ಬಸ್ಸಿಗೆ ಹೋಗುತ್ತಿದ್ದರು. ಬಾಗೂರಿನಿಂದ ಬಂದ ಒಬ್ಬ ಹಿರಿಯರು ಈ ಮನೆಯಲ್ಲಿ ಯಾವುದೋ ಹರಕೆ ಬಾಕಿಯಿದೆ, ಅದಕ್ಕೇ ಕೆಂಪು ಬಿಡುತ್ತಿಲ್ಲ ಎಂದರು. ಸೋಡಾ ಹೆಚ್ಚಾಯಿತೇನೋ ಎಂದು ಯೋಗಣ್ಣ ರುದ್ರಯ್ಯನವರ ಕಾಲಿಗೆ ಬೀಳುವುದೊಂದು ಬಾಕಿ, ಇನ್ನರ್ಧ ಡಬ್ಬ ಎಣ್ಣೆ ತಂದು ಸುರಿದ. ಕೆಂಪು. ಸೌದೆ ಮುಗಿದು ಹಳೆಯ ತೊಟ್ಟಿಲನ್ನು ಒಡೆದು ಒಲೆಗೆ ಹಾಕಿದರು. ಸರಸಮ್ಮ ಬಾಗಿಲ ಹಿಂದೆ ನಿಂತು ಅತ್ತಳು. ಯೋಗಣ್ಣ ಕುಳಿತಲ್ಲಿ ಕುಳಿತಿರಲಿಲ್ಲ, ಅನ್ನಕ್ಕೆ ಕೈ ಹಾಕಿ ಹಾಗೇ ಎದ್ದುಬಿಡುತ್ತಿದ್ದ. ಹೊಟ್ಟೆಯ ಮೇಲಿನ ಪಂಚೆ ಸಡಿಲವಾಗಿತ್ತು. ನಾನು ತಮಾಷೆ ಮಾಡುವುದನ್ನು ನಿಲ್ಲಿಸಿದೆ.

ಮಾಯಮ್ಮ ಮಾತ್ರ ದಿನಾ ಕೋಲೆತ್ತಿ, "ಬೆಂದೈತೆ ಅಂದ್ನಲ್ಲಾ. ಬೆಂದಿರೋ ಇಟ್ನೇ ಎಷ್ಟ್ ದಪ ಬೇಯಿಸ್ತೀರಿ?" ಎನ್ನುತ್ತಿದ್ದಳು. ಇಂಟರ್‌ಮೀಡಿಯೆಟ್ ಆಗದವರ ಮಾತನ್ನು ಯಾರು ಕೇಳುತ್ತಾರೆ?

ಹತ್ತನೆಯ ದಿನ, ಭಾನುವಾರ ಮಧ್ಯಾಹ್ನ. ಮಾರನೆಯ ದಿನ ಬೆಳಗ್ಗೆ ಡಿ.ಸಿ. ಸಾಹೇಬರು ಬರುತ್ತಾರೆ. ಪಟ್ಟಿ ಕೆಂಪು. ಆಗ ರುದ್ರಯ್ಯನವರು ಮಡಿಸಿದ ಮುತ್ತುಗದ ಎಲೆಯೊಂದನ್ನು ಹಿಡಿದು ಬಂದು, ಹಿತ್ತಲ ಬಾಗಿಲು ಹಾಕಿದರು.

"ಮೇಷ್ಟ್ರೇ, ನಮ್ಮನೆಯೋಳು ಒಂದ್ ಇಕ್ಮತ್ತು ಯೋಳಿದ್ಲು. ಆರ್ತಿ ನೀರ್ಗೆ ಉಣಸೇಹಣ್ಣು ಕಿವುಚಿದ್ರೆ ಕೆಂಪೆಲ್ಲಾ ಓಗಿ ಮತ್ತೆ ಅಳದಿ ಆಯ್ತದಂತೆ. ನೋಡೇಬುಡಾನ."

ಒಂದು ಚೊಂಬಿನಲ್ಲಿ ಸ್ವಲ್ಪ ಸಾಬೂನು ಕರಗಿಸಿ, ಅರಿಸಿನ ಹಾಕಿ, ಹುಣಸೆ ರಸ ಹಿಂಡಿದರು. ನಾನು ಬಗ್ಗಿ ನೋಡಿದೆ. ಕೆಂಪು ಕದಡಿತು, ಮಾಸಿತು, ಕರಗಿತು. ಹಳದಿ! ಅಚ್ಚ ಹಳದಿ! ಯೋಗಣ್ಣ ರುದ್ರಯ್ಯನವರನ್ನು ತಬ್ಬಿಕೊಂಡ. ಹನ್ನೊಂದು ವರ್ಷದ ಆಕ್ಟಿಂಗ್ ಒಂದು ನಿಮಿಷ ಅವನ ಮುಖದಿಂದ ಮಾಯವಾಯಿತು.

"ಅಳಿಯಂದಿರೇ" ಎಂದರು ಬಾಗಿಲಲ್ಲಿದ್ದ ಗೋದಮ್ಮನವರು, "ಹಾಲು ಒಡೆದಿದೆ."

ಚೊಂಬಿನಲ್ಲಿ ಸಾಬೂನು ಇರಲಿಲ್ಲ. ಒಡೆದ ಹಾಲಿನಂತೆ ಬಿಳಿ ಕರಣೆಗಳು ತೇಲುತ್ತಿದ್ದವು, ಅವುಗಳ ಮೇಲೆ ಜಿಡ್ಡು. ಯೋಗಣ್ಣ ಬೆರಳದ್ದಿ ಉಜ್ಜಿ ನೋಡಿದ. ನೊರೆಯಿಲ್ಲ, ಬರೀ ಜಿಡ್ಡು. ಹುಣಸೆಯ ಹುಳಿ ಸಾಬೂನನ್ನೇ ಮುರಿದು ಹಾಕಿತ್ತು.

"ಆದ್ರೇನ್ ಮೇಷ್ಟ್ರೇ?" ರುದ್ರಯ್ಯನವರು ದನಿ ತಗ್ಗಿಸಿದರು. "ಸಾಹೇಬ್ರು ನೋಡಾದು ಅಳದೀನ. ಅದ್ರಾಗ್ ಸ್ನಾನ ಮಾಡ್ತಾರಾ? ಕೊಪ್ರಿಗೆಗೆ ಒಂದು ಪಡಿ ಉಣಸೇಹಣ್ಣು ಬುಡಿ. ಅಳದಿ ತೋರ್ಸಿ, ಕಾಯಂ ಆಗಿ, ಆಮೇಲ್ ಚೆಲ್ಬುಡಿ. ಮಕ್ಳೊಂದಿಗ್ರು ನೀವು."

ಅವನ ಮುಂದೆ ಇದ್ದದ್ದು ಎರಡೇ ದಾರಿ. ಹಳದಿ ಬೇಕೆಂದರೆ ಸಾಬೂನಿಲ್ಲ, ಸಾಬೂನು ಬೇಕೆಂದರೆ ಕೆಂಪು. ಯೋಗಣ್ಣ ಕೊಪ್ಪರಿಗೆಯ ಮುಂದೆ ಕುಕ್ಕರಗಾಲಿನಲ್ಲಿ ಕೂತ. ರುದ್ರಯ್ಯನವರು ಹುಣಸೆಹಣ್ಣಿನ ಎಲೆಯನ್ನು ಅವನ ಮಂಡಿಯ ಪಕ್ಕದಲ್ಲಿ ಇಟ್ಟರು. ಒಲೆಯಲ್ಲಿ ತೊಟ್ಟಿಲ ಕಾಲು ಚಟಪಟ ಎಂದಿತು.

"ಇದು ಆಸ್ಪತ್ರೆಗೆ ಹೋಗೋದು ರುದ್ರಯ್ಯನವರೇ" ಎಂದ ಕೊನೆಗೆ. "ಡಾಕ್ಟರು ಇದರಲ್ಲಿ ಕೈ ತೊಳೆದು ಗಾಯ ಮುಟ್ಟಬೇಕು. ಇನ್ನೂ ಸ್ವಲ್ಪ ಕಾದರೆ ನಿಜವಾಗಿಯೇ ಸಾಬೂನಾಗೋದನ್ನ ನನ್ನ ಕೈಯಾರೆ ಒಡೆಯಲೇ? ಆಗಲ್ಲ. ಕೆಂಪು ಅಂತಲೇ ಹೇಳ್ತೀನಿ."

ಇಪ್ಪತ್ತು ವರ್ಷದಿಂದ ನಾನು ಯೋಗಣ್ಣನನ್ನು ನೋಡಿ ನಕ್ಕಿದ್ದೇನೆ. ಆ ಮಧ್ಯಾಹ್ನ ಅವನ ಪಕ್ಕದ ಮನೆಯವನೆಂದು ನನಗೆ ಹೆಮ್ಮೆಯಾಯಿತು. ಜೊತೆಗೆ, ಇವನು ಕೆಟ್ಟನಲ್ಲಾ ಎಂದೂ ಅನ್ನಿಸಿತು. ರುದ್ರಯ್ಯನವರು ಬೈದುಕೊಳ್ಳುತ್ತಲೇ ಮಂಡಿಗೆ ಹೋಗಿ ಬೆಲ್ಲದ ಅಚ್ಚಿನ ಹಲಗೆಗಳನ್ನು ತಂದರು. ಇದ್ದದ್ದನ್ನು ಇದ್ದ ಹಾಗೆಯೇ ತೋರಿಸೋಣವೆಂದು ಅಚ್ಚಿಗೆ ಹೊಯ್ದು ಆರಲು ಬಿಟ್ಟೆವು.

ಸೋಮವಾರ ಎಂಟಕ್ಕೆ ಬರಬೇಕಾಗಿದ್ದ ಡಿ.ಸಿ. ಸಾಹೇಬರು ಯೋಗಣ್ಣನ ಮನೆಗೆ ಬಂದದ್ದು ಹತ್ತೂವರೆಗೆ. ಪೆಟ್ರೋಲಿಲ್ಲದ ಕಾಲ, ಕಾರಿನ ಬೆನ್ನಿಗೆ ಇದ್ದಿಲ ಗ್ಯಾಸಿನ ಒಲೆ ಕಟ್ಟಿತ್ತು. ಚನ್ನರಾಯಪಟ್ಟಣದ ಕ್ಯಾಂಪಿನಿಂದ ಬರುವ ದಾರಿಯಲ್ಲಿ ಅದು ಕೆಟ್ಟು, ಡ್ರೈವರನ ಜೊತೆ ಸಾಹೇಬರೂ ಕೈ ಹಾ­ಕಬೇಕಾಗಿ ಬಂದಿತ್ತಂತೆ. ಮೊಣಕೈವರೆಗೆ ಮಸಿ. ಅಮಲ್ದಾರರು ಕೆಂಪು ಪಟ್ಟಿಗಳ ಫೈಲು ಹಿಡಿದು, "ಸಾರ್, ಮೊದಲಿಗೆ ಸದರಿ ಸಾಬೂನಿನ ವಿಷಯ ತಮ್ಮ ಗಮನಕ್ಕೆ ತರೋದೇನೆಂದರೆ" ಎಂದು ಶುರುಮಾಡುವಷ್ಟರಲ್ಲಿ ಸಾಹೇಬರು ಸೀದಾ ಹಿತ್ತಲ ನೀರಿನ ತೊಟ್ಟಿಗೆ ಹೋದರು. ಹಲಗೆಯ ಮೇಲೆ ಬೆಳ್ಳಗೆ ಕೂತಿದ್ದ ಒಂದು ಅಚ್ಚನ್ನು ತೆಗೆದುಕೊಂಡು ಉಜ್ಜಿಕೊಳ್ಳಲು ತೊಡಗಿದರು.

"ಸಾರ್!" ಎಂದು ಯೋಗಣ್ಣ ಕಿರುಚಿದ.

"ಬಿಡಿ ಸಾರ್! ಕೆಳಗೆ ಹಾಕಿ!" ಎಂದು ಅಮಲ್ದಾರರು ಫೈಲನ್ನೇ ಎಸೆದು ಓಡಿದರು. ಚಲುವಯ್ಯ ಒಂದು ಬಿಂದಿಗೆ ನೀರೆತ್ತಿಕೊಂಡು ಸಾಹೇಬರ ಮೇಲೆ ಹೊಯ್ಯಲು ಸಿದ್ಧನಾಗಿ ನಿಂತ. ನಾನು ಕಣ್ಣು ಮುಚ್ಚಿಕೊಂಡೆ.

"ಏನ್ರೀ ಇದು?" ಸಾಹೇಬರ ದನಿ ಕೇಳಿಸಿತು.

"ಅದು ಇನ್ನೂ ಸಾಬೂನಾಗಿಲ್ಲ ಸಾರ್!"

"ಸಾಬೂನಾಗಿಲ್ಲ? ಹಾಗಾದರೆ ನನ್ನ ಕೈ ಮೇಲಿರೋದೇನು?"

ಕಣ್ಣು ತೆರೆದೆ. ಮೊಣಕೈವರೆಗೆ ನೊರೆ, ಹೆಪ್ಪು ಹೆಪ್ಪಾಗಿ. ಮಸಿ ಕರಗಿ ತೊಟ್ಟಿಯ ಕೆಳಗೆ ಹರಿಯುತ್ತಿತ್ತು. ಚರ್ಮ ಚರ್ಮವಾಗಿಯೇ ಇತ್ತು.

ಅಮಲ್ದಾರರು ಬಿಡುವವರಲ್ಲ. ಕಾಯ್ದೆ ಕಾಯ್ದೆಯೇ. ಮಣ್ಣಿನಿಂದ ಫೈಲನ್ನು ಎತ್ತಿಕೊಂಡು, ಅರಿಸಿನ ಪರೀಕ್ಷೆಯ ತತ್ವವನ್ನು ವಿವರಿಸಿ, ಪಟ್ಟಿಗಳನ್ನು ಒಂದೊಂದಾಗಿ ತೋರಿಸಿದರು. "ತಮ್ಮ ಹತ್ತಿರ ಒಳ್ಳೆ ಸಾಬೂನು ಇದ್ದರೆ ಅಪ್ಪಣೆಯಾಗಲಿ ಸಾರ್. ನಿಜವಾದ ಸಾಬೂನಿನಲ್ಲಿ ಅರಿಸಿನ ಹೇಗೆ ಹಳದಿಯಾಗಿ ನಿಲ್ಲುತ್ತೆ ಅಂತ ತೋರಿಸ್ತೀನಿ."

ಸಾಹೇಬರ ಪೆಟ್ಟಿಗೆಯಿಂದ ಸವೆದ ಒಂದು ಶೀಮೆ ಸಾಬೂನಿನ ಬಿಲ್ಲೆ ಬಂತು. ಅಮಲ್ದಾರರು ತಾವೇ ಒದ್ದೆ ಮಾಡಿ, ಹೊಸ ಹಳದಿ ಪಟ್ಟಿಯನ್ನು ಅದರ ಮೇಲೆ ಒತ್ತಿದರು.

ಕೆಂಪು.

"ಇದೂ... ಇನ್ನೂ... ಆಗಿಲ್ಲವೇನೋ ಸಾರ್" ಎಂದರು ಅಮಲ್ದಾರರು.

"ನಾಲ್ಕು ವರ್ಷದಿಂದ ಇದರಲ್ಲೇ ಮುಖ ತೊಳೀತಿದೀನಿ" ಎಂದರು ಸಾಹೇಬರು. "ನಾನೂ ಕಾಲೇಜಿನಲ್ಲಿ ರಸಾಯನಶಾಸ್ತ್ರ ಓದಿದವನು ಕಣ್ರೀ. ನೀರಿಗೆ ಬಿದ್ದ ಯಾವ ಸಾಬೂನಾದರೂ ಸ್ವಲ್ಪ ಕ್ಷಾರ ತೋರಿಸುತ್ತೆ. ಅದು ಸಾಬೂನಿನ ಗುಣ, ಉಳಿದ ಸೋಡಾ ಅಲ್ಲ. ನೀವು ಪ್ರಳಯದವರೆಗೂ ಕುದಿಸಿದರೂ ಅರಿಸಿನ ಕೆಂಪಾಗುತ್ತಲೇ ಇರುತ್ತೆ."

"ಅದು ನಿಜ" ಎಂದರು ಬಾಗಿಲ ಮರೆಯಿಂದ ಗೋದಮ್ಮನವರು. "ಅರಿಸಿನದ ಕಲೆಗೆ ಸಾಬೂನು ಹಾಕಿದರೆ ಸೀರೆ ಸೆರಗೆಲ್ಲ ಕೆಂಪಾಗುತ್ತೆ. ಯಾವ ಹೆಂಗಸಿಗೆ ಗೊತ್ತಿಲ್ಲ?"

ಯೋಗಣ್ಣ ನಿಧಾನವಾಗಿ ಅವರ ಕಡೆ ತಿರುಗಿದ. "ಅತ್ತೇ, ಹತ್ತು ದಿನದಿಂದ ಹೇಳಬಾರದಾಗಿತ್ತೇ?"

"ನೀವು ಓದಿದವರು. ನಿಮ್ಮದು ಬೇರೆ ಕೆಂಪಿರಬಹುದು ಅಂತ ಸುಮ್ಮನಿದ್ದೆ."

ಸಾಹೇಬರು ನಗಲಿಲ್ಲ. ನಗು ತಡೆದುಕೊಂಡದ್ದಂತೂ ಕಾಣಿಸಿತು. "ಹಾಗಾದರೆ ಇದು ಯಾವತ್ತು ತಯಾರಾಯ್ತು?"

"ಮೊದ್ಲ್ನೇ ದಿನ ಮದ್ಯಾನ್ವೇ ಬುದ್ದೀ" ಎಂದಳು ಮಾಯಮ್ಮ. "ಯೋಳ್ದೆ, ಯಾರೂ ಕೇಳ್ನಿಲ್ಲ. ನಾ ದಿನಾ ಇದ್ರಾಗೇ ಕೈಕಾಲ್ ತೊಳ್ಕಂಡೇ ಮನೆಗೋಗ್ತಿವ್ನಿ." ಎರಡೂ ಕೈ ಮುಂದಕ್ಕೆ ಚಾಚಿದಳು. ಆ ಊರಿನಲ್ಲಿ ಅಷ್ಟು ಬೆಳ್ಳಗಿನ ಅಂಗೈ ಇನ್ನೊಂದಿರಲಿಲ್ಲ.

ಅಚ್ಚುಗಳನ್ನೆಲ್ಲ ಆಸ್ಪತ್ರೆಗೆ ಸಾಗಿಸಲು ಸಾಹೇಬರು ಅಪ್ಪಣೆ ಮಾಡಿದರು. ಆಮೇಲೆ ಎರಡು ಅಚ್ಚುಗಳನ್ನು ಕೈಗೆತ್ತಿಕೊಂಡು, "ಹಾಸನದಲ್ಲೂ ಸಾಬೂನಿಲ್ಲ. ನಮ್ಮ ಮನೆಯವರು ದಿನಾ ಹೇಳ್ತಿದಾರೆ. ಕಟ್ಟಿಕೊಳ್ಳೋಕೆ ಒಂದು ಕಾಗದ ಇದೆಯೇ?" ಎಂದರು.

ಯೋಗಣ್ಣನ ಮನೆಯಲ್ಲಿ ಕಾಗದವಿರಲಿಲ್ಲ. ಇದ್ದದ್ದೆಲ್ಲ ಅರಿಸಿನ ಪಟ್ಟಿಗಳಾಗಿ ಹೋಗಿತ್ತು. ಸಾಹೇಬರು ತಮ್ಮ ಕೋಟಿನ ಜೇಬಿಗೆ ಕೈ ಹಾಕಿ ಮಡಿಸಿದ ಕಾಗದವೊಂದನ್ನು ತೆಗೆದರು. ಅಮಲ್ದಾರರ ಮುಖ ಬಿಳಿಚಿಕೊಂಡಿತು.

"ಇದು ನೀವು ಶನಿವಾರದ ಟಪಾಲಿನಲ್ಲಿ ಕ್ಯಾಂಪಿಗೆ ಕಳಿಸಿದ್ದು" ಎಂದರು ಸಾಹೇಬರು. "ಯೋಗಾನರಸಿಂಹಯ್ಯ ಅನ್ನೋ ಮೇಷ್ಟ್ರು ಕಂಟ್ರೋಲ್ ಸಾಮಾನು ಹಾಳು ಮಾಡಿದಾರೆ, ಸಸ್ಪೆಂಡ್ ಮಾಡಿದೀನಿ, ಇವತ್ತಿನಿಂದ ಜಾರಿ. ನನ್ನ ಸಹಿಯೊಂದು ಬಾಕಿ, ಅಲ್ವೇ?"

ಹಾಗಾದರೆ ಯೋಗಣ್ಣ ಭಾನುವಾರ ಕೊಪ್ಪರಿಗೆಯ ಮುಂದೆ ಹುಣಸೆಹಣ್ಣು ಬೇಡವೆಂದಾಗಲೇ ಅವನ ಕೆಲಸ ಟಪಾಲಿನಲ್ಲಿ ಹೋಗಿತ್ತು. ಅಮಲ್ದಾರರು ಫೈಲಿನ ದಾರವನ್ನು ಬಿಚ್ಚಿ ಮತ್ತೆ ಕಟ್ಟಿದರು.

ಸಾಹೇಬರು ಕಾಗದವನ್ನು ಹರಡಿ, ಅದರ ನಡುವೆ ಎರಡು ಸಾಬೂನುಗಳನ್ನಿಟ್ಟು, ನಾಲ್ಕೂ ಕಡೆ ಮಡಿಸಿ, ಪೊಟ್ಟಣ ಕಟ್ಟಿದರು. "ಕಾಯಂ ಶಿಫಾರಸು ಬೇರೆ ಕಳಿಸಿಕೊಡಿ" ಎಂದು ಅಮಲ್ದಾರರಿಗೆ ಹೇಳಿ ಕಾರು ಹತ್ತಿದರು. ಕಾರು ಹೊಗೆ ಉಗುಳಿ ಕೋಟೆಯ ತಿರುವಿನಲ್ಲಿ ಮರೆಯಾಯಿತು.

ಯೋಗಣ್ಣನಿಗೆ ಇನ್ನೂ ನಂಬಿಕೆಯಾಗಿರಲಿಲ್ಲ. ಅಮಲ್ದಾರರ ಹತ್ತಿರ ಹೋಗಿ ಕೈಕಟ್ಟಿ ನಿಂತ.

"ಸಾರ್, ಹಾಗಾದರೆ ನಾನು ಈಗ ಶಾಲೆಗೆ ಹೋಗಬಹುದೇ? ಮಧ್ಯಾಹ್ನ ವಿಜ್ಞಾನದ ಪಾಠ ಇದೆ."

"ಹೋಗದೆ ಇನ್ನೇನು?" ಎಂದರು ಅಮಲ್ದಾರರು, ಹೊಗೆ ಹೋದ ದಿಕ್ಕನ್ನೇ ನೋಡುತ್ತ. "ನಿಮ್ಮನ್ನ ಸಸ್ಪೆಂಡ್ ಮಾಡಿದ ಆರ್ಡರು ಡಿ.ಸಿ. ಸಾಹೇಬರ ಬಚ್ಚಲುಮನೆಗೆ ಹೊರಟಿದೆ. ಹೋಗಿ ಪಾಠ ಮಾಡಿ."